ಅಡಿಕೆ ಸೀಮೆಯ ಬಿಡುವು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಲೆಗೂ ಹೋರಾಟಕ್ಕೂ ಹೊತ್ತು ಒದಗಿಸಿದ್ದು ಅಡಿಕೆ ತೋಟದ ಕೆಲಸದ ಏರಿಳಿತ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಾದ ಮೇಲೆ, ಅಡಿಕೆಗೊನೆ ಇಳಿಸುವ ಕೊನೆಕೊಯ್ಲಿನವರೆಗೆ ಒತ್ತಡ ಕಡಿಮೆ. ಜಗಲಿಯ ಮೇಲೆ ಮಾತಿನ ಯಕ್ಷಗಾನವಾದ ತಾಳಮದ್ದಲೆಗೆ ಅದೇ ಕಾಲ. ಅದಕ್ಕೆ ವೇಷವೂ ಬೇಡ, ರಂಗಸ್ಥಳವೂ ಬೇಡ.

ಈ ಬಿಡುವಿನ ಹಿಂದೆ ಎರಡು ಆಸರೆಗಳಿದ್ದವು. ಒಂದು ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಸಿಕ್ಕಿದ್ದರಿಂದ ಗೊಬ್ಬರಕ್ಕೆ ಬೇಕಾದ ಸೊಪ್ಪು, ದರಕುಗಳಿಗೆ (ಒಣ ಎಲೆಗಳಿಗೆ) ದುಡ್ಡು ತೆರಬೇಕಿರಲಿಲ್ಲ. ಇನ್ನೊಂದು ಸಹಕಾರ. ವ್ಯಾಪಾರಿಯಿಂದ ಮುಂಗಡ ಪಡೆದವನು ಅವನು ಹೇಳಿದ ದರಕ್ಕೇ ಅಡಿಕೆ ಅಳೆಯಬೇಕಾಗಿದ್ದ ಕಾಲದಲ್ಲಿ, 1923ರಲ್ಲಿ, ಕಡವೆ ಶ್ರೀಪಾದ ಹೆಗಡೆಯವರ ಮುಂದಾಳತ್ವದಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿತು. ಸಾಲವೂ ಮಾರಾಟವೂ ಬೆಳೆಗಾರರ ಸಂಸ್ಥೆಯ ಕೈಗೆ ಬಂದವು.

ಆದರೆ ಸ್ವಾತಂತ್ರ್ಯ ಹೋರಾಟದ ಬೆಲೆಯನ್ನು ಮನೆಯೇ ತೆರಬೇಕಾಯಿತು. ಆಗ ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಅಂಕೋಲೆಯೊಂದಿಗೆ ಸಿದ್ದಾಪುರ, ಶಿರಸಿಯ ರೈತರೂ ಕಂದಾಯ ಕಟ್ಟಲಿಲ್ಲ. ಗಂಡಸರು ಜೈಲಿಗೆ ಹೋದರು, ಜಮೀನು ಹರಾಜಾಯಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಅಲ್ಲಿಯವರೆಗೆ ಅಡಿಗೆಮನೆ, ಕೊಟ್ಟಿಗೆ ದಾಟದವರು ಬೀದಿಗೆ ಬಂದಾಗ ಕೂಸು, ದನ, ತೋಟ ಯಾರ ಪಾಲಿಗೆ ಬಿದ್ದವೆಂಬುದು ಚರಿತ್ರೆಯ ಪುಟಗಳಲ್ಲಿ ಕಾಣುವುದು ಅಪರೂಪ. 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಮುಟ್ಟುಗೋಲಾದ ಜಮೀನು ಮರಳಿಸುವ ಕಾನೂನಾಯಿತು.

ಸ್ವಾತಂತ್ರ್ಯದ ನಂತರ ಒತ್ತಡ ಕಾಡಿನ ಕಡೆಯಿಂದ ಬಂತು. ದಾಂಡೇಲಿಯ ಕಾಗದ, ಪ್ಲೈವುಡ್ ಕಾರ್ಖಾನೆಗಳಿಗೆ ಮರ ಬೇಕಿತ್ತು. ಸಹಜ ಕಾಡು ಕಡಿದು ತೇಗ ನೆಟ್ಟದ್ದರಿಂದ ಸೊಪ್ಪಿಗೂ ಒರತೆಗೂ ಪೆಟ್ಟು ಬಿತ್ತು. ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಗೆ ತೋಟಗಾರರು ಅಡ್ಡನಿಂತ ರೀತಿ ಗಮನಾರ್ಹ. ಅಡಿಕೆ ಮಾರುವ ಸೊಸೈಟಿಯೇ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂಡಿಸಿ ಯೋಜನೆಯ ಲಾಭನಷ್ಟ ಚರ್ಚಿಸಿತು. ಯೋಜನೆ ಮೂಲೆಗೆ ಬಿತ್ತು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. ಪರಿಸರ ಕಾರ್ಯಕರ್ತ ಪಾಂಡುರಂಗ ಹೆಗಡೆ ಸಂಘಟಿಸಿದ ಅಪ್ಪಿಕೋ ಚಳವಳಿ ಅಲ್ಲಿ 38 ದಿನ ನಡೆಯಿತು. ಕೊನೆಕೊಯ್ಲಿಗೆ ಮುಂಚಿನ ದಿನಗಳಾದ್ದರಿಂದಲೇ ಅಷ್ಟು ಜನ ಅಷ್ಟು ದಿನ ಕಾಡಿನಲ್ಲಿರಲು ಸಾಧ್ಯವಾಗಿರಬೇಕು. ಸಿದ್ದಾಪುರದ ನಿಡಗೋಡಿನಲ್ಲೂ ಕಡಿತ ತಡೆದರು. ಯಕ್ಷಗಾನ, ಬೀದಿನಾಟಕ, ಪಾದಯಾತ್ರೆ ಚಳವಳಿಯ ಮಾತನ್ನು ಊರೂರಿಗೆ ಒಯ್ದವು. ಬಯಲಾಟ ನೋಡಿ ಬೆಳೆದವರಿಗೆ ಕರಪತ್ರಕ್ಕಿಂತ ಅದು ಹತ್ತಿರವಾಗಿತ್ತು. 1990ರಲ್ಲಿ ರಾಜ್ಯ ಸರ್ಕಾರ ಸಹಜ ಕಾಡಿನಲ್ಲಿ ಹಸಿಮರ ಕಡಿಯುವುದನ್ನು ನಿಲ್ಲಿಸಿತು.

ಈ ಬಿಡುವು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿರಲಿಲ್ಲ. ತಾಳಮದ್ದಲೆಯ ಅರ್ಥಧಾರಿಗೆ ರಾತ್ರಿಯಿಡೀ ಮಾತಾಡಲು ಪುರುಸೊತ್ತಿದ್ದರೆ, ಮರ ಹತ್ತುವ ಕೊನೆಗೌಡನಿಗೂ, ಸರಿಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿದ ಹೆಂಗಸರಿಗೂ ಅದು ಇರಲಿಲ್ಲ. ಅವರ ಕಲೆ ಕೆಲಸದ ಸಂದಿನಲ್ಲೇ ಬೆಳೆಯಿತು. ದೀವರ ಸಮುದಾಯದ ಹೆಂಗಸರು ಮದುವೆಗೆ, ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ಅಕ್ಕಿಹಿಟ್ಟು, ಕೆಮ್ಮಣ್ಣು, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆದರು. ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯಲ್ಲಿ ಕೌದಿ ಹೊಲಿದರು. ಇವು ಮಾರಾಟಕ್ಕೆಂದು ಹುಟ್ಟಿದವಲ್ಲ; ಈಗ ಪೇಟೆಯಲ್ಲಿ ಕೊಳ್ಳುವವರಿದ್ದಾರೆ. 1974ರ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟ ಮೇಲೆ ಅಂಥ ಹಲವು ಮನೆಗಳ ದುಡಿಮೆ ತಮ್ಮದೇ ಹೊಲದ ಕಡೆ ತಿರುಗಿತು.

ಸುಲಿಯುವ ಯಂತ್ರ ಬಂದು ರಾತ್ರಿಯ ಕೆಲಸ ಕಡಿಮೆಯಾಗಿದೆ, ನೆಲದಿಂದಲೇ ಕೊಯ್ಯುವ ಉದ್ದನೆಯ ದೋಟಿ ಬಂದು ಮರ ಹತ್ತುವುದೂ ತಗ್ಗಿದೆ. ಆದರೆ ಮಕ್ಕಳು ಬೆಂಗಳೂರಿನ ನೌಕರಿಯಲ್ಲಿರುವ ಮನೆಗಳಲ್ಲಿ ತೋಟ ನೋಡುವುದೂ, ಬೇಡ್ತಿ-ವರದಾ ನದಿ ಜೋಡಣೆಯ ವಿರುದ್ಧದ ಸಭೆಗೆ ಹೋಗುವುದೂ ಹೆಚ್ಚಾಗಿ ವಯಸ್ಸಾದವರ ಪಾಲಿಗೇ ಬಂದಿದೆ.