ನೇತ್ರಾಣಿ: ಮೇಲಿಂದ ನೋಡಿದವರಿಗೆ ಕಾಣದ ದ್ವೀಪ

ಹೈದರಾಬಾದಿನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ಒಂದು ಊರಿನ ಹೆಸರು ಬಂದೇ ಬರುತ್ತೆ: ಮುರ್ಡೇಶ್ವರ. ಕಾಚಿಗುಡದಿಂದ ಮಂಗಳೂರಿಗೆ ಹೋಗ್ತಿದ್ದ ರೈಲು 2024ರಲ್ಲಿ ಮುರ್ಡೇಶ್ವರದವರೆಗೆ ವಿಸ್ತರಣೆ ಆದ ಮೇಲಂತೂ ಇದು ಇನ್ನೂ ಸುಲಭವಾಯ್ತು. ಹೋದವರು ಸಮುದ್ರದ ದಡದ ದೊಡ್ಡ ಶಿವನನ್ನ ನೋಡ್ತಾರೆ. ಮಾರನೇ ದಿನ ಬೋಟ್ ಹತ್ತಿ ನೇತ್ರಾಣಿಗೆ ಹೋಗಿ, ಸ್ಕೂಬಾ ಮಾಡಿ, ಗೋಪ್ರೋ ವಿಡಿಯೋ ಹಾಕ್ತಾರೆ.

ಇವತ್ತು ಆ ನೇತ್ರಾಣಿಯ ಇತಿಹಾಸ ನೋಡೋಣ. ಮನಸ್ಸಲ್ಲಿ ಇಟ್ಕೋಬೇಕಾದ ಪ್ರಶ್ನೆ ಒಂದೇ. ನಾವಿಕರಿಗೆ ಇಷ್ಟು ಕಾಲದಿಂದ ಗೊತ್ತಿರೋ ಈ ದ್ವೀಪದ ಹವಳಕ್ಕೆ ಬೆಲೆ ಇದೆ ಅಂತ ನಮಗೆ ಇಷ್ಟು ತಡವಾಗಿ ಯಾಕೆ ತಿಳೀತು?

ಬಿಳಿ ದ್ವೀಪ, ಪಾರಿವಾಳದ ದ್ವೀಪ

ನೇತ್ರಾಣಿ ಇರೋದು ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಕಡಲಲ್ಲಿ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. ಜನವಸತಿ ಇಲ್ಲ. ಸುತ್ತ ಕಡಿದಾದ ಬಂಡೆ, ಮೇಲೆ ಕಾಡು.

ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್ ಆಫ್ ದಿ ಎರಿತ್ರಿಯನ್ ಸೀ' ಅನ್ನೋ ವ್ಯಾಪಾರಿಗಳ ಕೈಪಿಡಿ ಇದೆ. ಅದರಲ್ಲಿ ಪಶ್ಚಿಮ ಕರಾವಳಿಯ ಒಂದು 'ಬಿಳಿ ದ್ವೀಪ'ದ ಪ್ರಸ್ತಾಪ ಬರುತ್ತೆ. 1912ರಲ್ಲಿ ಈ ಪುಸ್ತಕವನ್ನ ಇಂಗ್ಲಿಷಿಗೆ ತಂದ ಶಾಫ್ ಎಂಬ ವಿದ್ವಾಂಸ, ಅದು ಬಹುಶಃ ನೇತ್ರಾಣಿ ಇರಬೇಕು ಅಂತ ಊಹೆ ಮಾಡಿದ. ರೋಮಿನ ಪ್ಲಿನಿ ಹೇಳುವ ಕಡಲ್ಗಳ್ಳರ ನೆಲೆ 'ನಿಟ್ರಿಯಾಸ್' ಕೂಡ ಇದೇ ಹೆಸರಿನಿಂದ ಬಂದಿರಬಹುದು ಅಂದ. ಈ ಗುರುತು ಇಂದಿಗೂ ಊಹೆಯೇ. ನಮಗೆ ಮುಖ್ಯವಾಗೋದು ಅವನ ಟಿಪ್ಪಣಿ: ದ್ವೀಪ ಸುಮಾರು 300 ಅಡಿ ಎತ್ತರ, 25 ಮೈಲಿ ದೂರದಿಂದ ಕಾಣುತ್ತೆ, ಅಲ್ಲಿ ಬಿಳಿ ಹವಳ ಮತ್ತು ಸುಣ್ಣ ಹೇರಳವಾಗಿ ಸಿಗುತ್ತೆ.

ಸ್ವಲ್ಪ ಗಮನಿಸಿ. ಹವಳ ಇದೆ ಅನ್ನೋದು 1912ಕ್ಕೇ ಕಾಗದದ ಮೇಲಿತ್ತು. ಆದ್ರೆ ಅದನ್ನ ನೋಡಿದ್ದು ಸುಣ್ಣದ ಜೊತೆಯಲ್ಲಿ. ಬಿಳಿ ಹವಳ ಅಂದ್ರೆ ಸತ್ತ ಹವಳದ ಅಸ್ಥಿ. ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ದ ಕರಾವಳಿಗೆ ಅದೂ ಒಂದು ಕಚ್ಚಾ ಸಾಮಗ್ರಿ, ಅಷ್ಟೇ. ನೀರಿನ ಕೆಳಗೆ ಬಣ್ಣಬಣ್ಣವಾಗಿ ಬದುಕಿರೋ ಹವಳ ಯಾರ ಲೆಕ್ಕಕ್ಕೂ ಬರಲಿಲ್ಲ. ಬ್ರಿಟಿಷ್ ನಾವಿಕರ ಕಣ್ಣಿಗೆ ಬಿದ್ದಿದ್ದು ಗುಹೆಗಳಲ್ಲಿದ್ದ ಪಾರಿವಾಳ. ಹಾಗಾಗಿ ನಕ್ಷೆಯಲ್ಲಿ ಇದು 'ಪಿಜನ್ ಐಲೆಂಡ್' ಆಯ್ತು.

ಈ ದ್ವೀಪವನ್ನ ಬೇರೆ ಥರ ನೋಡಿದವರು ನಮ್ಮ ಮೀನುಗಾರರು. ಅಲ್ಲಿ ಹಿಂದೂ ದೈವದ ಸ್ಥಾನ, ದರ್ಗಾ, ಶಿಲುಬೆ ಮೂರೂ ಇವೆ. ಹರಕೆ ಹೊತ್ತವರು ಆಡು ತಂದು ಬಿಡ್ತಿದ್ರು, ಕಾಡಿನಲ್ಲಿ ಈಗಲೂ ಆಡುಗಳಿವೆ. ಅವರಿಗೆ ಇದು ಮೀನು ಸಿಗೋ ಜಾಗ, ಕೈಮುಗಿಯೋ ಜಾಗ. ಆದ್ರೆ ಅವರಿಗೆ ಗೊತ್ತಿದ್ದದ್ದು ಯಾವ ಸರ್ಕಾರಿ ದಾಖಲೆಯೊಳಗೂ ಸುಲಭಕ್ಕೆ ಹೋಗಲಿಲ್ಲ.

ಕಡಲು ತಿಳಿಯಾಗಿರೋದು ಯಾಕೆ?

ಇಲ್ಲೊಂದು ಪ್ರಶ್ನೆ ಬರುತ್ತೆ. ಕಾರವಾರದಿಂದ ಮಂಗಳೂರಿನವರೆಗೆ ಅಷ್ಟು ಉದ್ದದ ಕರಾವಳಿ ಇದ್ರೂ ಹವಳ ನೋಡೋಕೆ ನೇತ್ರಾಣಿಗೇ ಯಾಕೆ ಹೋಗಬೇಕು?

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಅದು ಪುಟ್ಟ ಪ್ರಾಣಿಗಳ ಗುಂಪು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತೆ. ಆ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಮನೆ ಬಾಡಿಗೆ ಕೊಟ್ಟಂಗೆ ಹವಳಕ್ಕೂ ಕೊಡುತ್ತೆ. ಅಂದ್ರೆ ಹವಳಕ್ಕೆ ಬೆಳಕು ಬೇಕು, ತಿಳಿಯಾದ ಉಪ್ಪುನೀರು ಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಆಗೋದೇನು? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಘಟ್ಟದಿಂದ ಸಿಹಿನೀರು, ಕೆಂಪು ಮಣ್ಣು ತಂದು ಸಮುದ್ರಕ್ಕೆ ಸುರಿಯುತ್ತವೆ. ದಡದ ನೀರು ಕದಡಿ, ಹೂಳು ಹವಳದ ಮೇಲೆ ಕೂರುತ್ತೆ. ನೇತ್ರಾಣಿ ದಡದಿಂದ 19 ಕಿ.ಮೀ. ದೂರ ಇರೋದ್ರಿಂದ ಈ ಹೊಡೆತ ಅಲ್ಲಿ ಕಡಿಮೆ.

ಡೈವಿಂಗ್ ಸೀಸನ್ ಕೂಡ ಇದೇ ಲೆಕ್ಕದ ಮೇಲೆ ನಡೆಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಬೋಟ್ ಹೋಗಲ್ಲ. ಅಕ್ಟೋಬರ್‌ನಿಂದ ಮೇ ತನಕ ಡೈವಿಂಗ್ ಕಾಲ. ಅದರಲ್ಲೂ ನೀರು ತಿಳಿಯಾಗಿರೋದು ಡಿಸೆಂಬರ್ ಆಸುಪಾಸಿನ ತಿಂಗಳಲ್ಲಿ. ಒಳ್ಳೆ ದಿನ 15 ಮೀಟರಿಗೂ ಹೆಚ್ಚು ದೂರ ಕಾಣುತ್ತೆ, ಕೆಟ್ಟ ದಿನ ಕೈ ಚಾಚಿದಷ್ಟೇ.

ಕೆಳಗೆ ಗುಂಡು ಬಂಡೆಯ ಹಾಗೆ ಬೆಳೆಯೋ ಪೋರೈಟಿಸ್ ಹವಳ ಸಿಗುತ್ತೆ. ಇದು ಬೆಳೆಯೋದು ಬಹಳ ನಿಧಾನ, ವರ್ಷಕ್ಕೆ ಒಂದು ಸೆಂ.ಮೀ. ಆಸುಪಾಸು. ಹಾಗಾಗಿ ಒಂದು ಮೀಟರ್ ಎತ್ತರದ ಹವಳದ ಗುಡ್ಡೆಗೆ ನಿಮ್ಮ ಅಜ್ಜನಿಗಿಂತ ಹೆಚ್ಚು ವಯಸ್ಸು! ಸುತ್ತ ಚಿಟ್ಟೆ ಮೀನು, ಟ್ರಿಗರ್ ಮೀನು, ಬಂಡೆ ಸಂದಿನಲ್ಲಿ ಈಲ್, ಗುಂಪು ಗುಂಪಾಗಿ ಬರಾಕುಡಾ, ಅದೃಷ್ಟವಿದ್ರೆ ಕಡಲಾಮೆ. ಗಿಳಿ ಮೀನು ಹವಳವನ್ನ ಕಟಕಟ ಕೆರೆಯೋ ಸದ್ದು ನೀರಿನಲ್ಲಿ ಕೇಳುತ್ತೆ. ಅದು ಪಾಚಿ ತಿಂದು ಹವಳಕ್ಕೆ ಉಸಿರಾಡೋಕೆ ಜಾಗ ಮಾಡಿಕೊಡೋ ಕೆಲಸಗಾರ.

ಗುರಿಯಾಗಿದ್ದ ದ್ವೀಪ

ಇಷ್ಟೆಲ್ಲ ಬದುಕಿರೋ ಜಾಗವನ್ನ ನೌಕಾಪಡೆ ದಶಕಗಳ ಕಾಲ ಫಿರಂಗಿ ಅಭ್ಯಾಸದ ಗುರಿಯಾಗಿ ಬಳಸ್ತು. ಬೈಯೋದಕ್ಕಿಂತ ಮೊದಲು ಅವರ ಕಡೆಯಿಂದಲೂ ನೋಡಿ. ನೌಕಾಪಡೆಗೆ ಅಭ್ಯಾಸ ಬೇಕೇ ಬೇಕು. ನಕ್ಷೆ ಬಿಡಿಸಿದ್ರೆ ಜನವಸತಿ ಇಲ್ಲದ ಒಂದು ಬಂಡೆ ಕಾಣುತ್ತೆ. ಮೇಲಿಂದ ನೋಡಿದವರಿಗೆ ಅದು ಖಾಲಿ ಜಾಗ.

ಅದು ಖಾಲಿ ಅಲ್ಲ ಅಂತ ಹೇಳೋಕೆ ಯಾರಾದ್ರೂ ಕೆಳಗಿಳಿದು ಪಟ್ಟಿ ಮಾಡಬೇಕಿತ್ತು. ಕೂಸ್ಟೋ ಮತ್ತು ಗಾನ್ಯಾ ಫ್ರಾನ್ಸಿನಲ್ಲಿ ಆಕ್ವಾಲಂಗ್ ಅನ್ನೋ ಉಸಿರಾಟದ ಸಾಧನ ಮಾಡಿದ್ದು 1943ರಲ್ಲಿ. ಆದ್ರೆ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೇತ್ರಾಣಿಯ ಹವಳ ಮತ್ತು ಮೀನುಗಳ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದ್ದು 2008ರಲ್ಲಿ. ಪಕ್ಷಿ ತಜ್ಞರು ಅಲ್ಲಿ ಗೂಡು ಕಟ್ಟೋ ಬಿಳಿಹೊಟ್ಟೆ ಕಡಲ ಹದ್ದುಗಳನ್ನ ದಾಖಲಿಸಿದ್ರು. ಮೀನುಗಾರರು, ಪರಿಸರದವರು ಗುಂಡಿನ ಅಭ್ಯಾಸಕ್ಕೆ ಆಕ್ಷೇಪ ಎತ್ತಿದಾಗ ಅವರ ಕೈಯಲ್ಲಿ ಈಗ ಹೆಸರುಗಳ ಪಟ್ಟಿ ಇತ್ತು. 'ಅಲ್ಲಿ ಜೀವ ಇದೆ' ಅನ್ನೋದಕ್ಕೂ 'ಅಲ್ಲಿ ಈ ಈ ಜಾತಿ ಇದೆ' ಅನ್ನೋದಕ್ಕೂ ಸರ್ಕಾರದ ಮುಂದೆ ಬಹಳ ವ್ಯತ್ಯಾಸ ಇದೆ. 2001ರಲ್ಲೇ ದಿಬ್ಬ ಕಟ್ಟುವ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿದ್ವು. ಅಂದ್ರೆ ಕಾನೂನಿನ ಪ್ರಕಾರ ಹುಲಿಗೆ ಇರೋ ರಕ್ಷಣೆಯೇ ಹವಳಕ್ಕೂ ಇದೆ.

ಸಾಮಾನ್ಯ ಕನ್ನಡಿಗರ ಕಣ್ಣಿಗೆ ನೇತ್ರಾಣಿಯ ಒಳಗನ್ನ ತೋರಿಸಿದ್ದು ಸಿನಿಮಾ. 2022ರ ಅಕ್ಟೋಬರ್ 28ರಂದು ಬಿಡುಗಡೆಯಾದ 'ಗಂಧದ ಗುಡಿ'ಯಲ್ಲಿ ಅಪ್ಪು ಇಲ್ಲಿ ನೀರಿಗಿಳಿದಿದ್ದನ್ನ ಚಿತ್ರಮಂದಿರದಲ್ಲಿ ಕೂತು ನೋಡಿದವರೆಷ್ಟೋ ಜನ.

ಹೈದರಾಬಾದಿಗೂ ಹವಳಕ್ಕೂ ಏನು ಸಂಬಂಧ?

ಸಂಬಂಧ ಇದೆ. ಕೂಕಟ್‌ಪಲ್ಲಿ, ನಿಜಾಂಪೇಟೆ ಕಡೆ ಇರೋರಿಗೆ ಪ್ರಗತಿ ನಗರ ಗೊತ್ತಲ್ವಾ? ಅಲ್ಲಿರೋದು ಇನ್‌ಕಾಯ್ಸ್, ಅಂದ್ರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಶುರುವಾಗಿದ್ದು 1999ರಲ್ಲಿ. ಸಮುದ್ರವೇ ಇಲ್ಲದ ಊರಲ್ಲಿ ಕೂತು ಇಡೀ ದೇಶದ ಕಡಲಿನ ಅಲೆ, ಪ್ರವಾಹ, ಸುನಾಮಿ ಎಚ್ಚರಿಕೆ ಕೊಡೋ ಕಚೇರಿ ಇದು. ಉಪಗ್ರಹದಿಂದ ಬರೋ ಸಮುದ್ರದ ಮೇಲ್ಮೈ ಉಷ್ಣಾಂಶ ಇಟ್ಕೊಂಡು ಹವಳ ಬಿಳಿಚಿಕೊಳ್ಳೋ ಅಪಾಯದ ಮುನ್ಸೂಚನೆಯನ್ನೂ ಕೊಡುತ್ತೆ.

ಬಿಳಿಚಿಕೊಳ್ಳೋದು ಅಂದ್ರೆ ಏನು? ನೀರು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಬರೀ 1 ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದ್ರೆ ಹವಳ ತನ್ನೊಳಗಿನ ಪಾಚಿಯನ್ನ ಹೊರಹಾಕುತ್ತೆ. ಬಣ್ಣ ಹೋಗಿ ಬಿಳಿ ಅಸ್ಥಿ ಕಾಣುತ್ತೆ. ಬೇಗ ತಂಪಾದ್ರೆ ಬದುಕುತ್ತೆ, ಇಲ್ಲಾಂದ್ರೆ ಹಸಿವಿನಿಂದ ಸಾಯುತ್ತೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ 4ನೇ ಸಾಮೂಹಿಕ ಬಿಳಿಚುವಿಕೆಯನ್ನ ಘೋಷಿಸಿದ್ರು. ಲಕ್ಷದ್ವೀಪಕ್ಕೂ ಅದು ತಟ್ಟಿತು.

ಈ ಮುನ್ಸೂಚನೆ ಮುಖ್ಯವಾಗಿ ಅಂಡಮಾನ್, ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿಯಂಥ ದೊಡ್ಡ ಹವಳ ಪ್ರದೇಶಗಳಿಗಾಗಿ ರೂಪುಗೊಂಡಿದ್ದು. ನೇತ್ರಾಣಿ ಚಿಕ್ಕದು. ಉಪಗ್ರಹವೂ ಮೇಲಿಂದಲೇ ನೋಡೋದು. ಹವಳ ನಿಜವಾಗ್ಲೂ ಬಿಳಿಚಿದೆಯಾ ಅಂತ ಹೇಳೋಕೆ ಕೊನೆಗೂ ಒಬ್ಬರು ಕೆಳಗಿಳಿದು ನೋಡಲೇಬೇಕು.

ಹಾಗೆ ಇಳಿಯೋರು ಈಗ ನೀವೇ. ಅದಕ್ಕೇ ಕೆಲವು ಮಾತು. ಹೊರಡೋ ಮುಂಚೆ ಇನ್‌ಕಾಯ್ಸ್‌ನ ಅಲೆಯ ಮುನ್ಸೂಚನೆ ನೋಡಿ. ಬೋಟಿನವರು ಲಂಗರನ್ನ ಹವಳದ ಮೇಲೆ ಹಾಕ್ತಾರಾ, ಬೇರೆ ವ್ಯವಸ್ಥೆ ಇದೆಯಾ ಅಂತ ಕೇಳಿ. ಹವಳ ಹಿಡ್ಕೊಂಡು ಫೋಟೋ ಬೇಡ, ಒಂದು ಚೂರೂ ಮನೆಗೆ ತರಬೇಡಿ. ವಾಪಸ್ ವಿಮಾನದಲ್ಲಿ ಬರೋದಾದ್ರೆ ಒಂದು ಡೈವ್ ನಂತರ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ರೆ 18 ಗಂಟೆ ಬಿಡಿ, ಯಾಕಂದ್ರೆ ರಕ್ತದಲ್ಲಿ ಕರಗಿರೋ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗುತ್ತೆ.

ಇನ್ನೊಂದು ವಿಷಯ. 50 ವರ್ಷದ ಹಿಂದೆ ನೇತ್ರಾಣಿಯ ಕೆಳಗೆ ಹೇಗಿತ್ತು ಅಂತ ತೋರಿಸೋ ಒಂದು ಫೋಟೋ ಸಿಕ್ಕಿದ್ರೆ ವಿಜ್ಞಾನಿಗಳಿಗೆ ಅದು ಚಿನ್ನ. ನಿಮ್ಮ ವಿಡಿಯೋಗೆ ಹಾಡು ಹಾಕಿ, ಬೇಡ ಅನ್ನಲ್ಲ. ಆದ್ರೆ ಮೂಲ ಫೈಲನ್ನ ದಿನಾಂಕ, ಡೈವ್ ಮಾಡಿದ ಜಾಗ, ಆಳದ ಜೊತೆ ಎತ್ತಿಡಿ. 2075ರಲ್ಲಿ ಯಾರಾದ್ರೂ ನೇತ್ರಾಣಿಯ ಇತಿಹಾಸ ಬರೆಯೋಕೆ ಕೂತ್ರೆ ಅವರಿಗೆ ಬೇಕಾಗೋದು ಅದೇ.