ಹಂದರದ ಹೊರಗೆ ಕೂತವರು

ಹೋದ ತಿಂಗಳು ಆಫೀಸಿನಲ್ಲಿ ಎಥಿಕ್ಸ್ ಟ್ರೇನಿಂಗ್ ಇತ್ತು. ಒಂದು ವಿಡಿಯೋ, ಹತ್ತು ಪ್ರಶ್ನೆ. ನೂರಕ್ಕೆ ನೂರು ಬಂತು, ಸರ್ಟಿಫಿಕೇಟೂ ಬಂತು. ಅದೇ ವಾರ ರಿಲೀಸ್ ಗಡಿಬಿಡಿಯಲ್ಲಿ, ರನ್ ಮಾಡದ ಟೆಸ್ಟ್‌ಗಳಿಗೆ ‘ಪಾಸ್’ ಅಂತ ಅಪ್ರೂವಲ್ ಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಊರಿನ ಪುರಾಣ ನೆನಪಾಯಿತು.

ನವಲಗುಂದ ತಾಲೂಕಿನ ನಮ್ಮೂರಲ್ಲಿ ಶ್ರಾವಣ ಬಂತಂದ್ರೆ ಪುರಾಣ ಹಚ್ಚುತ್ತಿದ್ದರು. ಪುರಾಣ ಅಂದ್ರೆ ನಮಗೆ ಪುಸ್ತಕ ಅಲ್ಲ, ತಿಂಗಳಿಡೀ ರಾತ್ರಿ ನಡೆಯುವ ಪ್ರವಚನ. ಗುಡಿ ಮುಂದೆ ಹಂದರ, ನಡುವೆ ಶಾಸ್ತ್ರಿಗಳು, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿಗಳು, ತಬಲಾದವರು. ಹಗಲೆಲ್ಲ ಎರೆಹೊಲದಲ್ಲಿ ಹೆಸರುಕಾಯಿ ಬಿಡಿಸಿದವರು ರೊಟ್ಟಿ ಉಂಡು ಬಂದು ಕೂರುತ್ತಿದ್ದರು. ಓದು ಬಾರದ ನನ್ನ ಅಜ್ಜಿಗೆ ಸರಿ–ತಪ್ಪಿನ ಪಾಠ ಆದದ್ದು ಅಲ್ಲೇ.

ಈ ವ್ಯವಸ್ಥೆ ತಾನಾಗಿ ಬಂದದ್ದಲ್ಲ. ಭೀಮಕವಿಯ ಬಸವಪುರಾಣ 1369ರದ್ದು, ಷಟ್ಪದಿಯಲ್ಲಿದೆ. ಅದನ್ನು ಹಾಡೋರು, ಬಿಡಿಸಿ ಹೇಳೋರು ಬೇಕು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿ, ಮಠಗಳಿಗೆ ಹೋಗುವ ಸ್ವಾಮಿಗಳನ್ನು ತಯಾರು ಮಾಡತೊಡಗಿದರು. ಅವರ ಆಶ್ರಯದಲ್ಲಿ ಬೆಳೆದ ಅಂಧ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿ. ಅವರೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿ ನೋಡದೆ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ಪುರಾಣದ ಜೊತೆ ಹಳ್ಳಿ ಹಳ್ಳಿಗೆ ಹಾಡುತ್ತಾ ಹೋದರು.

ಇದರಲ್ಲಿ ನನಗೆ ಹಿಡಿಸೋದು ಒಂದು ವಿಷಯ. ಹೇಳುವವರು ತಿಂಗಳು ಪೂರ್ತಿ ಊರಲ್ಲೇ ಇರಬೇಕು. ಏನು ಉಂಡರು, ಯಾರ ಮೇಲೆ ಸಿಟ್ಟಾದರು, ಕಾಣಿಕೆ ಎಷ್ಟು ಕೇಳಿದರು, ಎಲ್ಲ ಊರಿಗೆ ಗೊತ್ತು. ರಾತ್ರಿ ಅವರು ಹೇಳಿದ್ದನ್ನು ಜನ ಹಗಲು ಆಡಿಟ್ ಮಾಡುತ್ತಿದ್ದರು. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕೆ ಬೆಳಗಿನ ಚಳಿಯಲ್ಲೂ ಮೈದಾನ ತುಂಬುತ್ತಿದ್ದದ್ದು ಬರೀ ಮಾತಿಗಲ್ಲ. ಅವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬೇಡ ಅಂದರು. 2023ರ ಜನವರಿ 2ರಂದು ತೀರಿಕೊಂಡರು. ತನಗೆ ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು.

ಆದರೆ ಕೇಳುವವರನ್ನು ಆಡಿಟ್ ಮಾಡೋರು ಯಾರು?

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಅವತ್ತು ಹರಳಯ್ಯ–ಮಧುವಯ್ಯರ ಕಥೆ. ಸಮಗಾರರ ಹುಡುಗನಿಗೂ ಬ್ರಾಹ್ಮಣರ ಹುಡುಗಿಗೂ ಕಲ್ಯಾಣದಲ್ಲಿ ಮದುವೆ ಆದದ್ದು, ಅದಕ್ಕಾಗಿ ಅಪ್ಪಂದಿರು ಜೀವ ಕೊಟ್ಟದ್ದು. ಶಾಸ್ತ್ರಿಗಳ ದನಿ ನಡುಗಿತು, ಹೆಣ್ಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಂದರದ ಆಚೆ, ಬೀದಿ ಲೈಟಿನ ಕಂಬದ ಕೆಳಗೆ, ಕೆಳಗಿನ ಕೇರಿಯವರು ನೆಲದ ಮೇಲೆ ಕೂತು ಅದನ್ನೇ ಕೇಳುತ್ತಿದ್ದರು. ಪ್ರತಿವರ್ಷವೂ ಅವರ ಜಾಗ ಅದೇ.

ಮರುದಿನ ಹೊಲದಲ್ಲಿ ಆ ಕೇರಿಯ ಹಿರಿಯರೊಬ್ಬರು ಅಜ್ಜಿಯನ್ನು ಕೇಳಿದರು: “ಯವ್ವಾ, ಆ ಮದುವಿ ಊಟಕ್ಕ ಹರಳಯ್ಯನ ಮಂದೀನ್ನ ಎಲ್ಲಿ ಕುಂದ್ರಿಸಿದ್ರಂತ?”

ಅಜ್ಜಿ ತಲೆ ಎತ್ತಲಿಲ್ಲ, ಕಾಯಿ ಬಿಡಿಸುತ್ತಲೇ ಇದ್ದಳು. ಪುರಾಣ ಮಂಗಲವಾಗುವ ತನಕ ಅವರು ಹೊರಗೇ ಕೂತರು, ನಾವು ಒಳಗೇ ಕೂತೆವು. ಒಳಗೆ ಬರ್ರಿ ಅಂತ ಒಬ್ಬರೂ ಕರೆಯಲಿಲ್ಲ. ಎಲ್ಲರೂ ಕಥೆ ಕೇಳಿ ಅತ್ತವರೇ.

ನೂರಕ್ಕೆ ನೂರು ಅಂದ್ರೆ ಇದೇ ಇರಬೇಕು. ನಾಳೆ ಲೀಡ್ ಹತ್ರ ಹೋಗಿ ಆ ಅಪ್ರೂವಲ್ ವಾಪಸ್ ತಗೋತೀನಿ ಅಂತ ಹೇಳಬೇಕು.