ಬಾರಾಪಸಾರಸ್: ಗೋದಾವರಿ ಕಣಿವೆಯ ಉದ್ದ ಕೊರಳಿನ ದೈತ್ಯ

ಭೂಮಿಯ ಮೇಲೆ ನಡೆದಾಡಿದ ಅತ್ಯಂತ ಭಾರಿ ಪ್ರಾಣಿಗಳೆಂದರೆ ಸಾರೋಪಾಡ್ ಗುಂಪಿನ ಡೈನೋಸಾರ್‌ಗಳು. ಉದ್ದ ಕೊರಳು, ಉದ್ದ ಬಾಲ, ಕಂಬದಂತಹ ನಾಲ್ಕು ಕಾಲುಗಳ ಈ ಸಸ್ಯಾಹಾರಿಗಳ ಪೂರ್ವಿಕರು ಎರಡು ಕಾಲುಗಳ ಮೇಲೆ ಓಡಾಡುತ್ತಿದ್ದ ಹಗುರ ಮೈಯ ಜೀವಿಗಳು. ಈ ಬದಲಾವಣೆಯ ಆರಂಭದ ಘಟ್ಟಕ್ಕೆ ಸಾಕ್ಷಿಯಾಗಿರುವ ಅಪರೂಪದ ಪಳೆಯುಳಿಕೆಗಳಲ್ಲಿ ಭಾರತದ ಬಾರಾಪಸಾರಸ್ ಕೂಡ ಒಂದು.

ಮಹಾರಾಷ್ಟ್ರದ ಸಿರೊಂಚಾ ಸಮೀಪ, ಪ್ರಾಣಹಿತಾ-ಗೋದಾವರಿ ಕಣಿವೆಯ 'ಕೋಟಾ' ಶಿಲಾಸ್ತರದಲ್ಲಿ ಇದರ ಮೂಳೆಗಳು ದೊರೆತವು. 1961ರಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಭೂವಿಜ್ಞಾನಿಗಳು ಉತ್ಖನನ ಕೈಗೊಂಡರು. ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದ ಸುಮಾರು 300 ಮೂಳೆಗಳು ಚದುರಿದ ಸ್ಥಿತಿಯಲ್ಲಿ, ಕಲ್ಲಾಗಿದ್ದ ಮರದ ಕಾಂಡಗಳೊಂದಿಗೆ ಪತ್ತೆಯಾದವು. ಹಿಂಡೊಂದು ಪ್ರವಾಹಕ್ಕೆ ಸಿಲುಕಿ ಸತ್ತಿರಬಹುದೆಂಬ ಊಹೆಗೆ ಇದೇ ಆಧಾರ.

ಎಸ್.ಎಲ್. ಜೈನ್, ಟಿ.ಎಸ್. ಕುಟ್ಟಿ, ತಪನ್ ರಾಯ್‌ಚೌಧುರಿ ಮತ್ತು ಶಂಕರ್ ಚಟರ್ಜಿ 1975ರಲ್ಲಿ ಇದಕ್ಕೆ 'ಬಾರಾಪಸಾರಸ್ ಟ್ಯಾಗೋರಿ' ಎಂದು ನಾಮಕರಣ ಮಾಡಿದರು. ದೊಡ್ಡ ಕಾಲಿನ ಹಲ್ಲಿ ಎಂಬುದು ಮೊದಲ ಪದದ ಅರ್ಥ. ತೊಡೆಯ ಮೂಳೆಯೊಂದೇ ಸುಮಾರು 1.7 ಮೀಟರ್ ಉದ್ದವಿತ್ತು. ಎರಡನೆಯ ಪದ ಕವಿ ರವೀಂದ್ರನಾಥ ಟ್ಯಾಗೋರ್ ಅವರಿಗೆ ಸಲ್ಲಿಸಿದ ಗೌರವ. ಉತ್ಖನನ ನಡೆದ ವರ್ಷ ಅವರ ಜನ್ಮಶತಾಬ್ದಿಯಾಗಿತ್ತು.

ಜುರಾಸಿಕ್ ಯುಗದ ಪೂರ್ವಾರ್ಧದಲ್ಲಿ ಬದುಕಿದ್ದ ಈ ಪ್ರಾಣಿಯ ಉದ್ದ ಸುಮಾರು 14 ಮೀಟರ್. ಭಾರ ಹೊರಲು ತಕ್ಕ ನೇರವಾದ ಕಾಲುಗಳು ಆಗಲೇ ರೂಪುಗೊಂಡಿದ್ದವು. ಬೆನ್ನುಮೂಳೆಯ ಕಥೆ ಮಾತ್ರ ಬೇರೆ. ಮುಂದಿನ ಕಾಲದ ಸಾರೋಪಾಡ್‌ಗಳ ಕಶೇರುಗಳಲ್ಲಿ ಗಾಳಿ ತುಂಬಿದ ಆಳವಾದ ಪೊಳ್ಳುಗಳಿದ್ದು, ಅವು ದೇಹವನ್ನು ಹಗುರಗೊಳಿಸುತ್ತಿದ್ದವು. ಬಾರಾಪಸಾರಸ್‌ನ ಕಶೇರುಗಳ ಪಕ್ಕದಲ್ಲಿರುವುದು ಆಳವಿಲ್ಲದ ತಗ್ಗುಗಳಷ್ಟೆ. ಅಂದರೆ ದೈತ್ಯಗಾತ್ರಕ್ಕೆ ಬೇಕಾದ ಲಕ್ಷಣಗಳು ಒಮ್ಮೆಲೇ ಬರಲಿಲ್ಲ. ಕಾಲು ಮೊದಲು ಸಜ್ಜಾಯಿತು, ಬೆನ್ನು ಹಗುರಾಗುವುದು ನಿಧಾನವಾಗಿ ಪೂರ್ಣಗೊಂಡಿತು. ಈ ಕಾರಣದಿಂದಲೇ ವಿಜ್ಞಾನಿಗಳು ಇದನ್ನು ಸಾರೋಪಾಡ್ ವಂಶವೃಕ್ಷದ ಬುಡದ ಕೊಂಬೆಗಳಲ್ಲಿ ಇರಿಸುತ್ತಾರೆ.

ದೇಹದ ಬಹುಭಾಗ ಲಭಿಸಿದರೂ ತಲೆಬುರುಡೆ ಮಾತ್ರ ಸಿಕ್ಕಿಲ್ಲ. ಚಮಚದಾಕಾರದ, ಅಂಚಿನಲ್ಲಿ ಒರಟು ಗರಗಸದಂತಿರುವ ಕೆಲವೇ ಹಲ್ಲುಗಳು ಅದು ಸೊಪ್ಪುಸದೆ ತಿನ್ನುತ್ತಿತ್ತೆಂಬುದನ್ನು ತಿಳಿಸುತ್ತವೆ. ಕೋಲ್ಕತ್ತದ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಹಲವು ಪ್ರಾಣಿಗಳ ಮೂಳೆಗಳನ್ನು ಜೋಡಿಸಿ ನಿಲ್ಲಿಸಿರುವ ಅಸ್ಥಿಪಂಜರದ ತಲೆ, ಹೀಗಾಗಿ, ಕೇವಲ ಮಾದರಿ. ಗೋದಾವರಿ ಕಣಿವೆಯ ಕಲ್ಲುಗಳಲ್ಲಿ ಒಂದು ಬುರುಡೆ ದೊರೆತರೂ ಸಾಕು, ಆದಿಕಾಲದ ಸಾರೋಪಾಡ್‌ಗಳ ಆಹಾರಕ್ರಮದ ಬಗೆಗಿನ ತಿಳಿವಳಿಕೆ ಇನ್ನಷ್ಟು ಸ್ಪಷ್ಟವಾಗಲಿದೆ.